ಬಲ ಹೆಬ್ಬೆರಳಿನ ವಿಚಾರಣೆ

ಮಗಳ ಕೈ ತೋರಿಸುವ ಮೊದಲೇ ಆ ತಾಯಿಯ ಕಣ್ಣು ನನ್ನ ಮೇಜಿನ ಮೇಲಿದ್ದ ಲೆಟರ್‌ಹೆಡ್ ಪ್ಯಾಡಿನ ಮೇಲೆ ಬಿದ್ದಿತ್ತು. ಡೊಂಬಿವಲಿ ಪೂರ್ವದಲ್ಲಿ ಮಿಠಾಯಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕು. ಎರಡು ಮಂಚ, ನಡುವೆ ಒಂದು ಪರದೆ, ಒಂದು ಹಳೆಯ ಅಲ್ಟ್ರಾಸೌಂಡ್ ಯಂತ್ರ. ಅಲ್ಲಿಗೆ ಬರುವವರು ನೋವಿನಿಂದ ಮಾತು ಶುರುಮಾಡುತ್ತಾರೆ. ಈಕೆ ಪತ್ರದಿಂದ ಶುರುಮಾಡಿದರು.

"ಒಂದು ಲೆಟರ್ ಬರ್ದು ಕೊಡಿ ಮೇಡಂ. ಗೇಮ್ ಆಡಿ ಆಡಿಯೇ ಇವಳ ಕೈ ಹೀಗಾದದ್ದು ಅಂತ. ಅಷ್ಟು ಬರ್ದ್ರೆ ಸಾಕು, ಬಾಕಿ ನಾನು ನೋಡಿಕೊಳ್ತೇನೆ."

ಉಡುಪಿ ಕಡೆಯ ಕುಟುಂಬ. ಯಜಮಾನರದ್ದು ಠಾಣೆ ಪೂರ್ವದ ಕೋಪರಿಯಲ್ಲಿ ಸಸ್ಯಾಹಾರಿ ಹೋಟೆಲು. ಮಂಡಿನೋವಿಗೆ ನನ್ನ ಹತ್ತಿರವೇ ಬರುತ್ತಿದ್ದವರು, ಹೀಗಾಗಿ ಮನೆಯ ಸಂಗತಿ ಅಷ್ಟಿಷ್ಟು ಗೊತ್ತಿತ್ತು. ಮಗಳಿಗೆ ಹದಿನಾರು, ಹನ್ನೊಂದನೇ ಕ್ಲಾಸು. ಓದಲಿಕ್ಕೆಂದು ಕೊಡಿಸಿದ ಕಂಪ್ಯೂಟರಿನಲ್ಲಿ ಅವಳು ಆಡುತ್ತಿದ್ದದ್ದು ಆನ್‌ಲೈನಿನ ಒಂದು ವೇಷದ ಆಟ. ಬೇರೆ ಬೇರೆ ಊರಿನವರು ಒಬ್ಬೊಬ್ಬರು ಒಂದೊಂದು ವೇಷ ಹಾಕಿಕೊಂಡು, ಗುಂಪು ಕಟ್ಟಿಕೊಂಡು, ದಿನಾ ಸಂಜೆ ಸೇರಿ ರಾಕ್ಷಸರ ಮೇಲೆ ಏರಿ ಹೋಗುತ್ತಾರೆ. ಇದು ಚಟ ಎಂದು ತಾಯಿ. ಏನೋ ಮಕ್ಕಳಾಟ ಎಂದು ತಂದೆ. ಎರಡು ವರ್ಷದ ಜಗಳ ಹರಿಯದೆ ಕೊನೆಗೆ ತಂದೆ ಒಂದು ತೀರ್ಪು ಕೊಟ್ಟಿದ್ದರು: ಆಟದಿಂದಲೇ ಕೈ ಕೆಟ್ಟಿದೆ ಎಂದು ಡಾಕ್ಟರು ಬರೆದು ಕೊಟ್ಟರೆ ಕಂಪ್ಯೂಟರು ಖಾರಘರದ ತಮ್ಮನ ಮನೆಗೆ, ಬರೆಯದಿದ್ದರೆ ಈ ವಿಷಯ ಮತ್ತೆ ಎತ್ತಬಾರದು. ಅಂದರೆ ನನ್ನನ್ನು ಕೇಳದೆಯೇ ನನ್ನನ್ನು ನ್ಯಾಯಾಧೀಶೆಯ ಕುರ್ಚಿಯಲ್ಲಿ ಕೂರಿಸಿದ್ದರು.

ಆ ಕುರ್ಚಿ ನನಗೆ ಹಿತವಾಗಿಯೇ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನ ಮಗ ಇಂಥದೇ ಆಟದಲ್ಲಿ ಒಂದು ವರ್ಷ ಕಳೆದು, ಪರೀಕ್ಷೆಗೆ ಹೋಗಿ, ಉತ್ತರಪತ್ರಿಕೆಯ ಮೇಲೆ ಬರೀ ತನ್ನ ಹೆಸರು ಬರೆದು ಬಂದಿದ್ದ. ಅಂದಿನಿಂದ ಆಟ ಎಂಬ ಶಬ್ದ ಕೇಳಿದರೆ ನನ್ನ ಹುಬ್ಬು ಮೇಲೇರುತ್ತದೆ. ಹುಡುಗಿ ಕೂರುವ ಹೊತ್ತಿಗೆ ಅರ್ಧ ತೀರ್ಪು ನನ್ನ ಮನಸ್ಸಿನಲ್ಲಿ ತಯಾರಾಗಿತ್ತು.

ಪರೀಕ್ಷೆ ಸುಲಭದ್ದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಬೇಕು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುವಿನ ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತವೆ. ಒಂದೇ ಚಲನೆ ನೂರಾರು ಸಲ ಮಾಡಿದರೆ ಆ ಕೊಳವೆ ಊದಿಕೊಳ್ಳುತ್ತದೆ, ಆಮೇಲೆ ಹೀಗೆ ಬಾಗಿಸಿದರೆ ಜೀವ ಹೋದಂತಾಗುತ್ತದೆ. ನಾನು ಬಾಗಿಸಿದೆ.

"ಅಯ್ಯಯ್ಯ! ನೋಯ್ತೈತ್ರೀ!"

ನಾನು ಕೈ ಬಿಟ್ಟುಬಿಟ್ಟೆ. ನನ್ನದು ಧಾರವಾಡ. ಇಪ್ಪತ್ತೆರಡು ವರ್ಷದಿಂದ ಈ ಊರಲ್ಲಿದ್ದೇನೆ. ಇಲ್ಲಿ ಹುಟ್ಟಿದ ಉಡುಪಿ ಮಕ್ಕಳು ನೋವಾದರೆ ಹಿಂದಿಯಲ್ಲಿ ಕೂಗುತ್ತಾರೆ, ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುತ್ತಾರೆ. ನಮ್ಮೂರ ಓಣಿಯ ಕೂಗು ಈ ಹುಡುಗಿಯ ಬಾಯಲ್ಲಿ ಹೇಗೆ ಬಂತು?

"ಅದೂ ಒಂದು ಉಂಟು ಮೇಡಂ," ಎಂದರು ತಾಯಿ, ದನಿ ತಗ್ಗಿಸಿ. "ಮನೇಲಿ ನಾವು ತುಳು, ಅವಳು ಹಿಂದಿ. ಕನ್ನಡ ಮಾತಾಡು ಅಂತ ಎಷ್ಟು ಹೇಳಿದ್ರೂ ಇಲ್ಲ. ಈಗ ಆರು ತಿಂಗಳಿಂದ ಹೀಗೆ. ಎಂತದೋ ಹುಬ್ಬಳ್ಳಿ ಹುಡುಗ ಇರ್ಬೇಕು ಅಂತ ನನಗೆ ಸಂಶಯ."

"ಹುಡುಗ ನಹೀ ಹೈ, ಅಕ್ಕಾ ಹೈ," ಎಂದಳು ಹುಡುಗಿ, ಮಣಿಕಟ್ಟು ಉಜ್ಜಿಕೊಳ್ಳುತ್ತ. ಆಟದ ಗುಂಪಿನಲ್ಲಿ ಹುಬ್ಬಳ್ಳಿಯ ಒಬ್ಬಾಕೆ ಇದ್ದಾಳಂತೆ. ಆಡುವಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲರೂ ಮಾತಾಡಿಕೊಳ್ಳುತ್ತಾರೆ, ಅಲ್ಲಿ ಕಿವಿಗೆ ಬಿದ್ದದ್ದು ಬಾಯಿಗೆ ಬಂದಿದೆ.

ತಾಯಿ ನನ್ನ ಕಡೆ ನೋಡಿದ ನೋಟದಲ್ಲಿ ಇದನ್ನೂ ಲೆಟರಿಗೆ ಸೇರಿಸಿ ಎಂದಿತ್ತು.

ಆದರೆ ನನ್ನದೊಂದು ಪದ್ಧತಿ ಇದೆ. ಕಾರಣ ಬರೆಯುವ ಮೊದಲು ಎರಡು ವಾರ ನೋವಿನ ಪಟ್ಟಿ ಬರೆಸುತ್ತೇನೆ. ಅಚ್ಚು ಹಾಕಿಸಿದ ಹಾಳೆ, ನಾಲ್ಕು ಕಾಲಮ್ಮು: ದಿನ, ಮುಖ್ಯ ಕೆಲಸ ಎಷ್ಟು ತಾಸು, ಕೈಯಿಂದ ಮಾಡಿದ ಇತರ ಕೆಲಸ, ಸೊನ್ನೆಯಿಂದ ಹತ್ತರವರೆಗೆ ನೋವು. ಮುಖ್ಯ ಕೆಲಸದ ಜಾಗದಲ್ಲಿ 'ಆಟ' ಎಂದು ಬರೆದೆ. ಇತರ ಕೆಲಸದ ಕಾಲಮ್ಮು ಬಂದಾಗ ಹುಡುಗಿಯ ಉದ್ದನೆಯ ಉಗುರು ನೋಡಿದೆ, ನನಗೆ ನಾನೇ ನಕ್ಕೆ. ಇಂಥ ಹುಡುಗಿಯರು ಮನೆಯಲ್ಲಿ ನೀರು ತುಂಬಿದ ಲೋಟ ಎತ್ತಿದರೆ ಹೆಚ್ಚು. ಆ ಕಾಲಮ್ಮಿನ ಮೇಲೆ ನನ್ನ ಕೈಯಾರೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದೆ. ಕೈ ಅಲುಗದಂತೆ ಸ್ಪ್ಲಿಂಟ್ ಕಟ್ಟಿದೆ, ದಿನಕ್ಕೆರಡು ಸಲ ಐಸ್ ಎಂದೆ, ಸ್ಪ್ಲಿಂಟಿಗೆ ನೀರು ತಾಗಿಸಬೇಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.

ಎರಡು ವಾರಕ್ಕೆ ಪಟ್ಟಿ ಬಂತು. ಬರೆದಿದ್ದು ತಾಯಿ, ಮಗಳು ಹೇಳಿದ ಅಂಕೆ, ತಾಯಿಯ ಅಕ್ಷರ. ನನ್ನ ಕೆಲಸದಲ್ಲಿ ಅಷ್ಟು ಚೆಂದದ ಪಟ್ಟಿ ನಾನು ನೋಡಿಯೇ ಇರಲಿಲ್ಲ. ಆಟ ಒಂದು ತಾಸು, ಮರುದಿನ ನೋವು ಮೂರು. ಆಟ ಎರಡು ತಾಸು, ನೋವು ಐದು. ಭಾನುವಾರ ನಾಲ್ಕು ತಾಸು, ಸೋಮವಾರ ಎಂಟು. ಯೂನಿಟ್ ಟೆಸ್ಟಿನ ನಾಲ್ಕು ದಿನ ಆಟ ಸೊನ್ನೆ, ನೋವೂ ಇಳಿಯುತ್ತ ಇಳಿಯುತ್ತ ಒಂದು. ಗ್ರಾಫ್ ಹಾಳೆಯ ಮೇಲೆ ಬಿಡಿಸಿದೆ. ಎರಡು ಗೆರೆಗಳೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು.

ಹೆಮ್ಮೆ ತಡೆಯಲಾಗಲಿಲ್ಲ. ಹೆಸರು ಅಳಿಸಿ, ಆ ಗ್ರಾಫನ್ನು ದೊಡ್ಡದು ಮಾಡಿಸಿ, 'ನಿಮ್ಮ ಮಗುವಿನ ಆಟ, ನಿಮ್ಮ ಮಗುವಿನ ಕೈ' ಎಂದು ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು, ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ಅದರ ಫೋಟೊ ಹೊಡೆದುಕೊಂಡರು. ವಿಠ್ಠಲವಾಡಿಯಿಂದ ಭುಜದ ನೋವಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನ ಎದುರಿಗೇ ಮನೆಗೆ ಫೋನ್ ಮಾಡಿ, "ಆತ್ತಾ ಬಂದ್! ಏಕದಂ ಬಂದ್!" ಎಂದು ಮಗನ ಆಟ ನಿಲ್ಲಿಸಿದಳು. ನಾನು ಭುಜ ತಿಕ್ಕುತ್ತ ಗಂಭೀರವಾಗಿ ತಲೆಯಾಡಿಸಿದೆ.

ಆ ವಾರ ಎರಡು ಸಂಗತಿ ನಡೆದವು. ಒಂದು, ಹುಡುಗಿಯ ತಾಯಿ ಕೃತಜ್ಞತೆಗೆಂದು ಒಂದು ಡಬ್ಬಿ ಕಾಯಿ ಬರ್ಫಿ ತಂದು ಕೊಟ್ಟರು. ಬಹಳ ಚೆನ್ನಾಗಿತ್ತು. ಎರಡು, ಮಂಡಿಗೆ ಶಾಖ ಕೊಡಿಸಿಕೊಳ್ಳಲು ಬಂದ ತಂದೆ ಮಂಚದ ಮೇಲೆ ಮಲಗಿಕೊಂಡು ಗೊಣಗಿದರು. "ಮನೆಯಲ್ಲಿ ಈಗ ಎಲ್ಲದಕ್ಕೂ ಕಾಯಿ ಬೀಳ್ತದೆ ಡಾಕ್ಟ್ರೆ. ಪಲ್ಯಕ್ಕೂ ಕಾಯಿ, ಉಪ್ಪಿಟ್ಟಿಗೂ ಕಾಯಿ. ಮೊನ್ನೆ ಮ್ಯಾಗಿಯ ಮೇಲೂ ಉದುರಿಸಿದ್ದರು. ಹೋಟೆಲಲ್ಲಿ ನಾನು ಇಷ್ಟು ಹಾಕಿದ್ರೆ ಅಂಗಡಿ ಮುಚ್ಚಬೇಕು." ತೂಕ ಎರಡು ಕಿಲೋ ಏರಿತ್ತು. ಮಂಡಿಗೆ ಒಳ್ಳೆಯದಲ್ಲ, ಕಾಯಿ ಕಡಿಮೆ ಮಾಡಿ ಎಂದು ಅವರಿಗೆ ಉಪದೇಶ ಮಾಡಿದೆ. ಬಾಯಲ್ಲಿ ಬರ್ಫಿ ಇತ್ತು.

ಪಟ್ಟಿ ಸಿಕ್ಕ ಮೇಲೆ ಪತ್ರಕ್ಕೆ ಅಡ್ಡಿ ಏನಿತ್ತು? ಹುಡುಗಿ ಇದ್ದಳು. ಬರ್ಫಿ ಬಂದ ಮರುದಿನ ಕಾಲೇಜು ಮುಗಿಸಿ ನೇರ ಒಬ್ಬಳೇ ಮೆಟ್ಟಿಲೇರಿ ಬಂದಳು. ನನ್ನ ಮಾತು ಅವಳ ಅಕ್ಕನ ಮಾತಿನ ಹಾಗೆ ಕೇಳಿಸುತ್ತದೆಂದೋ ಏನೋ, ನನ್ನ ಹತ್ತಿರ ಹಿಂದಿ ಬಿಟ್ಟು ಆ ಕಲಿತ ಕನ್ನಡದಲ್ಲೇ ಶುರುಮಾಡಿದಳು.

"ಆಂಟಿ, ಬರೀಬ್ಯಾಡ್ರಿ. ಕಂಪ್ಯೂಟರ್ ಹೋದ್ರ ಮುಗೀತು. ನಮ್ಮ ಗ್ರೂಪಿನ್ಯಾಗ ಎಂಟು ಮಂದಿ ಅದೀವಿ. ನಾ ಡಾಲು ಹಿಡಿಯಾಕಿ. ಎಲ್ಲಾರ ಮುಂದ ನಾ ನಿಂದರಬೇಕು, ರಾಕ್ಷಸ ಹೊಡಿಯೋ ಏಟು ಎಲ್ಲಾ ನನಗ ಬೀಳಬೇಕು, ಹಿಂದ ಉಳದವ್ರು ಹೊಡೀತಾರ. ನಾ ಇಲ್ಲಂದ್ರ ಎಲ್ಲಾರೂ ಸಾಯ್ತಾರ."

"ಮತ್ತ ನಿನಗ ಏಟು ಬಿದ್ರ?"

"ಅಕ್ಕಾ ಔಷಧ ಹಾಕ್ತಾಳ. ಅಕ್ಕನ ಕೆಲಸ ಅದ."

ಏಟು ತಿನ್ನುವುದನ್ನು ಇಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ನೋಡಿರಲಿಲ್ಲ. ಮನಸ್ಸು ಕರಗಿತು ಎನ್ನಲಾರೆ. ನನ್ನ ವಿದ್ಯೆ ತೋರಿಸುವ ಆಸೆ ಹುಟ್ಟಿತು. ನೋವಿರುವುದು ಬಲಗೈಗೆ. ಮೌಸನ್ನು ಎಡಗೈಗೆ ವರ್ಗ ಮಾಡಿದರೆ ಹೇಗೆ? ಹತ್ತು ದಿನ ಎಡಗೈಯಲ್ಲಿ ಆಡು, ಬಲಗೈ ಸ್ಪ್ಲಿಂಟಿನಲ್ಲಿ ಮಡಿಲಲ್ಲಿರಲಿ. ನೋವು ಇಳಿದರೆ ಪತ್ರ ಬೇರೆ ಥರ ಬರೆಯುತ್ತೇನೆ. ತಾಯಿಗೆ ಫೋನ್ ಮಾಡಿ ಇದು ವೈಜ್ಞಾನಿಕ ಪ್ರಯೋಗ ಎಂದೆ. ವಿಜ್ಞಾನ ಎಂದ ಮೇಲೆ ಅವರು ಒಪ್ಪಿದರು.

ಹುಡುಗಿ ದಿನಕ್ಕೆ ನಾಲ್ಕು ತಾಸು ಕೂತು, ನಾಲ್ಕೇ ದಿನದಲ್ಲಿ ಎಡಗೈ ಪಳಗಿಸಿದಳು. ಬಲಗೈಯ ನೋವು ಮಾತ್ರ ಒಂಬತ್ತಕ್ಕೇರಿತು.

ಮಡಿಲಲ್ಲಿ ಸುಮ್ಮನೆ ಕೂತ ಕೈಗೆ ನೋವು ಏರುವುದೆಂದರೆ ಏನು? ನನಗೆ ದಿಗಿಲಾಯಿತು. ಕುತ್ತಿಗೆಯ ನರ ಇರಬಹುದೆಂದು ಕುತ್ತಿಗೆ ಪರೀಕ್ಷಿಸಿದೆ, ಸರಿ ಇತ್ತು. ಸಂಧಿವಾತವೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಸ್ಪ್ಲಿಂಟ್ ಬದಲಿಸಿದೆ. ಪರಿಚಯದ ಮೂಳೆ ಡಾಕ್ಟರಿಗೆ ಪಟ್ಟಿ ಕಳಿಸಿದೆ. ಅವರು ನೋಡಿ ಎರಡೇ ಶಬ್ದ ಬರೆದರು: ಆಟ ನಿಲ್ಲಿಸಿ. ತಾಯಿ ಬಂದು ಎದುರಿಗೆ ಕೂತರು. ಈ ಸಲ ಪತ್ರ ಕೇಳಲೂ ಇಲ್ಲ, ಪ್ಯಾಡನ್ನು ನನ್ನ ಕಡೆ ಸರಿಸಿದರು.

ನಾನು ದಿನಾಂಕ ಬರೆದೆ. ಹುಡುಗಿಯ ಹೆಸರು ಬರೆದೆ. 'ಕಾರಣ' ಎಂದು ಬರೆದು ಪೆನ್ನು ನಿಂತಿತು. ಎಡಗೈ ಆಡುತ್ತದೆ, ಬಲಗೈ ನೋಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ, ನಾನೀಗ ಅದಕ್ಕೆ ಸಹಿ ಹಾಕುವವಳಿದ್ದೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನೇ ಹೇಳಿಕೊಡುವ ಮೊದಲ ಪಾಠವೆಂದರೆ, ರೋಗಿ ಹೇಳಿದ್ದನ್ನು ಕೇಳಬೇಡ, ಮಾಡುವುದನ್ನು ನೋಡು. ಈ ಹುಡುಗಿ ಏನು ಮಾಡುತ್ತಾಳೆಂದು ನಾನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ.

"ಭಾನುವಾರ ನಿಮ್ಮ ಮನೆಗೆ ಬರ್ತೀನ್ರಿ," ಎಂದೆ. "ಮೇಜು ಕುರ್ಚಿ ಅಳತಿ ತಗೋಬೇಕು. ಆಮ್ಯಾಲ ಬರೀತೀನಿ."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಟೇಪು, ಕೋನಮಾಪಕ ಹಿಡಿದು ಹೋದೆ. ಹುಡುಗಿ ಆಡುತ್ತಿದ್ದಳು. ಹಿಂದೆ ನಿಂತು ಅರ್ಧ ತಾಸು ನೋಡಿದೆ. ಕುರ್ಚಿಯ ಎತ್ತರ ಸರಿ. ಮೊಣಕೈ ತೊಂಬತ್ತು ಡಿಗ್ರಿ. ಬೆನ್ನು ನೆಟ್ಟಗೆ, ನನ್ನ ಬೆನ್ನಿಗಿಂತ ನೆಟ್ಟಗೆ. ಬಲಗೈ ನಾನು ಹೇಳಿದ ಹಾಗೆ ಮಡಿಲಲ್ಲಿ ಮಗುವಿನಂತೆ ಮಲಗಿತ್ತು. ಪರದೆಯ ಮೇಲೆ ಒಬ್ಬ ದೈತ್ಯ ಗದೆ ಬೀಸುತ್ತಿದ್ದ, ಇವಳ ವೇಷ ಆ ಡಾಲು, ಅಂದರೆ ಗುರಾಣಿ, ಎತ್ತಿ ಎಲ್ಲರ ಮುಂದೆ ನಿಂತಿತ್ತು. "ಹಿಂದ ಸರೀರಿ, ಹಿಂದ ಸರೀರಿ, ನಾ ಅದೀನಿ!" ಎಂದು ಕೂಗುತ್ತಿದ್ದಳು. ಕಾಲೇಜಿನಲ್ಲಿ ಹಾಜರಿ ಕರೆದರೂ ದನಿ ಹೊರಡದ ಹುಡುಗಿ ಎಂದು ತಾಯಿಯೇ ಹೇಳಿದ್ದರು.

ನನ್ನ ಹಾಳೆಯ ಮೇಲೆ ತಪ್ಪೆಂದು ಬರೆಯಲು ಒಂದು ಅಂಕೆಯೂ ಸಿಗಲಿಲ್ಲ. ಟೇಪು ಮಡಚುತ್ತಿದ್ದೆ. ಆಗ ಅಡುಗೆಮನೆಯಿಂದ ತಾಯಿಯ ದನಿ ಬಂತು.

"ಮೂರು ತಾಸು ಆಯ್ತು, ಸಾಕು ಮಾಡು. ಬಾ, ಮೂರು ಕಾಯಿ ಬಾಕಿ ಉಂಟು."

ಹುಡುಗಿ ಕಂಪ್ಯೂಟರ್ ಆರಿಸಿ ಎದ್ದಳು. ಅಡುಗೆಮನೆಗೆ ಹೋಗಿ, ಸ್ಪ್ಲಿಂಟಿನ ಪಟ್ಟಿ ಬಿಚ್ಚಿ, ಅದನ್ನು ಜೋಪಾನವಾಗಿ ಫ್ರಿಜ್ಜಿನ ಮೇಲಿಟ್ಟು, ನೆಲದ ಮೇಲಿದ್ದ ಹೆರೆಮಣೆಯ ಮೇಲೆ ಕೂತಳು. ಒಡೆದಿಟ್ಟ ಕಾಯಿಯ ಒಂದು ಹೋಳು ಕೈಗೆತ್ತಿಕೊಂಡು, ಹಲ್ಲಿನ ಅಲಗಿಗೆ ಒತ್ತಿ, ಬಲ ಹೆಬ್ಬೆರಳು ಚಿಪ್ಪಿನ ಅಂಚಿಗೆ ಬಿಗಿದು, ಮಣಿಕಟ್ಟು ತಿರುವತೊಡಗಿದಳು. ಕಿರುಬೆರಳಿನ ಕಡೆಗೆ ಬಾಗಿಸು, ಎಳೆ, ಬಾಗಿಸು, ಎಳೆ. ನಾನು ಮೊದಲ ದಿನ ನೋವು ಬರಿಸಲು ಮಾಡಿಸಿದ ಚಲನೆ ಅದೇ. ಬಾಗಿಲಲ್ಲಿ ನಿಂತು ಎಣಿಸಿದೆ. ಒಂದು ಹೋಳಿಗೆ ಅರವತ್ತೆಂಟು ಸಲ.

"ಇದೇನ್ರೀ ಇದು?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ತಾಯಿ ಸೆರಗಿಗೆ ಕೈ ಒರೆಸಿಕೊಂಡು ವಿವರಿಸಿದರು. ವಾಟ್ಸಪ್ಪಿನಲ್ಲಿ ಯಾರೋ ಕಳಿಸಿದ್ದರಂತೆ: ಮಕ್ಕಳು ಸ್ಕ್ರೀನಿನ ಮುಂದೆ ಕೂರುವ ಹೊತ್ತನ್ನು ಮನೆಗೆಲಸ ಮಾಡಿ ಗಳಿಸಬೇಕು. ಒಳ್ಳೆಯ ಮಾತೇ. ಆದರೆ ಪಾತ್ರೆ ತೊಳೆಯಲು ಕೆಲಸದ ಬಾಯಿ ಬರುತ್ತಾಳೆ, ಕಸ ಗುಡಿಸಲು ಬೇರೆ ಬಾಯಿ. ಬಟ್ಟೆಗೆ ಮೆಷೀನು. ಇಡೀ ಮನೆ ಹುಡುಕಿದರೆ ಮಾಡಲು ಉಳಿದ ಕೆಲಸ ಇದೊಂದೇ. ಕಾಯಿಗೆ ಬರಗಾಲವಿಲ್ಲ, ಹೋಟೆಲಿಗೆ ಬರುವ ಮೂಟೆಯಿಂದ ಯಜಮಾನರು ತರುತ್ತಾರೆ. ಒಂದು ತಾಸು ಆಟಕ್ಕೆ ಒಂದು ಕಾಯಿ.

"ಸ್ಪ್ಲಿಂಟ್ ಯಾಕ ತೆಗದ್ಲು?"

"ಕಾಯಿ ಹಾಲು ತಾಗಿ ಒದ್ದೆ ಆಗ್ತದೆ ಅಂತ ನಾನೇ ತೆಗೆಸ್ತೇನೆ ಮೇಡಂ. ನೀವೇ ಹೇಳಿದ್ದಲ್ವಾ?"

ಆಟ ಏರಿದರೆ ಕಾಯಿ ಏರುತ್ತದೆ, ಕಾಯಿ ಏರಿದರೆ ನೋವು ಏರುತ್ತದೆ. ಪರೀಕ್ಷೆಯ ವಾರ ಆಟವೂ ಇಲ್ಲ, ಕಾಯಿಯೂ ಇಲ್ಲ. ಫ್ರೀಜರ್ ತೆಗೆದು ತೋರಿಸಿದರು: ತುರಿದ ಕಾಯಿಯ ಡಬ್ಬಿ ಒಂದರ ಮೇಲೊಂದು, ಐಸ್ ಇಡಲೂ ಜಾಗವಿಲ್ಲ. ಉಪ್ಪಿಟ್ಟಿಗೆ, ಮ್ಯಾಗಿಗೆ, ಅಕ್ಕಪಕ್ಕದವರಿಗೆ ಹಂಚಿಯೂ ಮುಗಿಯದ್ದನ್ನು ಬರ್ಫಿ ಮಾಡಿ ನನಗೂ ತಂದಿದ್ದರು. ಗೋಡೆಗೆ ಗ್ರಾಫ್ ಅಂಟಿಸಿ, ಸಾಕ್ಷ್ಯವನ್ನು ನಾನೇ ಇಡೀ ಡಬ್ಬಿ ತಿಂದು, ಕೈ ತೊಳೆದುಕೊಂಡಿದ್ದೆ.

ನಾನು ನೆಲದ ಮೇಲೇ ಕೂತು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ತಾಯಿಯ ಮುಖ ನೋಡಿದ ಮೇಲೆ ನಗು ನಿಂತಿತು.

"ಅಂದ್ರೆ... ಇದು ನಾನು ಮಾಡಿದ್ದಾ ಮೇಡಂ?" ಕಣ್ಣು ತುಂಬಿತ್ತು. "ನನ್ನ ಮಗಳ ಕೈ ನಾನೇ ಹಾಳು ಮಾಡಿದ್ದಾ?"

"ಅರ್ಧ ನೀವು, ಅರ್ಧ ನಾನು," ಎಂದೆ. ಚೀಲದಿಂದ ಪಟ್ಟಿ ತೆಗೆದು ಗೆರೆ ಎಳೆದ ಕಾಲಮ್ಮು ತೋರಿಸಿದೆ. "ನೀವು ಬರೀಬೇಕಾದ ಜಾಗ ಇದು. ನಾನ ಹೊಡೆದು ಹಾಕೀನಿ." ಹೇಳುವಾಗ ನಿಜಕ್ಕೂ ನಾಚಿಕೆಯಾಯಿತು.

ಇಷ್ಟಾದರೂ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಕಾಯಿ ಹೋಳು ಕೈಯಲ್ಲಿ ಹಿಡಿದೇ ಕೂತಿದ್ದಳು. ನನಗೆ ಏನೋ ಹೊಳೆಯಿತು.

"ನಿನಗ ಗೊತ್ತಿತ್ತೇನವಾ?"

"ಹೂಂ."

"ಯಾವಾಗಿಂದ?"

"ಮೊದಲಿಂದ್ರಿ. ಕಾಯಿ ಹೆರದಾಗ ನೋಯ್ತಿತ್ತು, ಆಡಿದಾಗ ನೋಯ್ತಿದ್ದಿಲ್ಲ."

"ಮತ್ತ ಹೇಳಾಕ ಏನಾಗಿತ್ತು?"

"ಹೇಳಿದ್ರ ಕಾಯಿ ಬಂದ್ ಆಗ್ತಿತ್ತು. ಕಾಯಿ ಬಂದ್ ಆದ್ರ ಆಟನೂ ಬಂದ್."

ತಾಯಿ ಅಳು ನಿಲ್ಲಿಸಿ ನೆಟ್ಟಗೆ ನಿಂತರು. "ನೋಡಿ! ಕೈ ಹೋದ್ರೂ ಅಡ್ಡಿಲ್ಲ, ಆಟ ಬೇಕು ಇವಳಿಗೆ. ಚಟ ಅಂತ ನಾನು ಹೇಳಿದ್ದು ಸುಳ್ಳಾ ಮೇಡಂ?"

ನಾನು ಆಟವನ್ನು ಬಿಡುಗಡೆ ಮಾಡಲು ಬಾಯಿ ತೆರೆದಿದ್ದವಳು ಮುಚ್ಚಿದೆ. ತನ್ನ ಕೈ ತಾನೇ ಕೆಡಿಸಿಕೊಂಡು ಆಡುವುದಕ್ಕೆ ಚಟ ಎನ್ನದೆ ಬೇರೇನು ಹೆಸರಿದೆ? ಹುಡುಗಿಯನ್ನೇ ಕೇಳಿದೆ, ಇದಕ್ಕೆ ಏನಂತೀ ಎಂದು.

"ಪಪ್ಪಾ ಮಂಡಿ ನೋವು ಅಂತ ನಿಮ್ಮ ಕಡೆ ಬರ್ತಾರಲ್ರಿ. ಹೋಟೆಲ್ ಬಂದ್ ಮಾಡ್ರಿ ಅಂತ ನೀವು ಹೇಳೀರೇನು?"

"ಹೋಟೆಲಿಂದ ಮನಿ ನಡೀತೈತಿ. ನಿನ್ನ ಆಟದಿಂದ ಏನ್ ನಡೀತೈತಿ?"

ಅವಳು ಕಾಯಿ ಹೋಳಿಗೆ ಹೇಳಿದಳು, ನಮಗಲ್ಲ. "ಕಾಲೇಜಿನ್ಯಾಗ ನಾ ಒಂದು ವಾರ ಹೋಗ್ಲಿಲ್ಲ ಅಂದ್ರ ಯಾರಿಗೂ ಗೊತ್ತಾಗೂದಿಲ್ಲ ಆಂಟಿ. ಅಲ್ಲಿ ಐದು ಮಿನಿಟ್ ಲೇಟ್ ಆದ್ರ ಏಳು ಮಂದಿ ಕೇಳ್ತಾರ, ಎಲ್ಲಿದ್ದೀ ಅಂತ."

ತಾಯಿ ಮಗಳ ಪಕ್ಕದಲ್ಲಿ ಕುಕ್ಕರಿಸಿ ಕೂತು, ಅವಳ ಕೈಯಿಂದ ಕಾಯಿ ತೆಗೆದು ಆಚೆ ಇಟ್ಟರು.

ಚಿಕಿತ್ಸೆ ಈಗ ಸ್ಪಷ್ಟವಿತ್ತು: ಆರು ವಾರ ಬಲಗೈಗೆ ಪೂರ್ಣ ವಿಶ್ರಾಂತಿ. ಕಾಯಿ ಇಲ್ಲ. ಆಟವೂ ಇಲ್ಲ, ಆಟ ನೋವಿಗೆ ಕಾರಣವಲ್ಲ, ಆದರೆ ಆಟದ ಕಾವಿನಲ್ಲಿ ಬಲಗೈ ಎಷ್ಟು ದಿನ ಮಡಿಲಲ್ಲಿ ಕೂತೀತು? ಊದಿದ ಹುರಿಗೆ ಕೀಲಿಮಣೆಯೂ ಭಾರವೇ. ಹುಡುಗಿ ಆಗಂಗಿಲ್ಲ ಎಂದಳು. ಡಾಲು ಹಿಡಿಯುವವರಿಲ್ಲದೆ ಗುಂಪು ಒಂದು ದಿನವೂ ಆಡಲಾರದು, ಆರು ವಾರಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ಆಮೇಲೆ ತನಗೆ ಜಾಗ ಇಲ್ಲ. ಎಡಗೈಯಲ್ಲಿ ಕದ್ದಾದರೂ ಆಡುತ್ತೇನೆ ಎಂದು ಮುಖದ ಮೇಲೇ ಹೇಳಿದಳು.

ನನ್ನ ಚೀಲದಲ್ಲಿ ಆ ಅರ್ಧ ಬರೆದ ಪತ್ರ ಇತ್ತು. 'ಕಾರಣ' ಎಂಬುದರ ಮುಂದೆ 'ಆಟ' ಎಂದು ಎರಡಕ್ಷರ ಬರೆದರೆ ಕಂಪ್ಯೂಟರ್ ಖಾರಘರಕ್ಕೆ ಹೋಗುತ್ತದೆ, ಕೈ ತಾನಾಗಿ ವಾಸಿಯಾಗುತ್ತದೆ, ಎಲ್ಲರಿಗೂ ಸಲೀಸು. ಸುಳ್ಳು ಅಷ್ಟೆ. ಒಳ್ಳೆಯ ಉದ್ದೇಶದ ಸುಳ್ಳು ಎಂದು ಒಂದು ಕ್ಷಣ ಅನಿಸಿತು ಕೂಡ. ಆದರೆ ಆ ಹುಡುಗಿಗೆ ನಿಜವಾದ ಕಾರಣ ನನಗಿಂತ ಮೊದಲು ಗೊತ್ತು. ನಾನು ಸುಳ್ಳು ಬರೆದರೆ ಜೀವನಪೂರ್ತಿ ಅವಳು ಯಾವ ಡಾಕ್ಟರನ್ನೂ ನಂಬಳು. ಪತ್ರ ತೆಗೆದು ಹರಿದೆ.

"ನಾ ಬರೆಯಂಗಿಲ್ಲ. ನೀನ ಕೇಳು ನಿನ್ನ ಮಂದೀನ. ಬುಧವಾರ ಅಪ್ಪ ಅಮ್ಮನ್ನ ಕರಕೊಂಡು ಬಾ, ನಮ್ಮೆಲ್ಲರ ಮುಂದ ಅಕ್ಕಗ ಫೋನ್ ಹಚ್ಚು. ಖರೇ ಹೇಳು. ಆರು ವಾರಕ್ಕ ನಿನ್ನ ಹೊರಗ ಹಾಕೋ ಮಂದಿ ಇದ್ರ, ಅಂಥವರ ಮುಂದ ನಿಂತು ಏಟು ಯಾಕ ತಿಂತೀ?"

ಸೋಮವಾರ ಕ್ಲಿನಿಕ್ಕಿಗೆ ಹೋದವಳೇ ಗೋಡೆಯ ಗ್ರಾಫ್ ಕಿತ್ತೆ. ಗೋಂದು ಗಟ್ಟಿಯಾಗಿ ಹಾಕಿದ್ದರಿಂದ ಸುಣ್ಣವೂ ಜೊತೆಗೆ ಬಂತು. ವಿಠ್ಠಲವಾಡಿಯ ಹೆಣ್ಣುಮಗಳಿಗೆ ಫೋನ್ ಮಾಡಿ, ಆ ಗ್ರಾಫ್ ತಪ್ಪು, ನಿಮ್ಮ ಮಗನ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ, ಕ್ಷಮಿಸಿ ಎಂದು ಮರಾಠಿಯಲ್ಲಿ ತಪ್ಪೊಪ್ಪಿಕೊಂಡೆ. ಆಕೆ ದನಿ ತಗ್ಗಿಸಿ, "ರಾಹೂ ದ್ಯಾ ಮ್ಯಾಡಂ, ಇರಲಿ ಬಿಡಿ, ಅವನಿಗೆ ಹೇಳಬೇಡಿ. ಈಗ ಸ್ವಲ್ಪ ಓದ್ತಾ ಇದಾನೆ," ಎಂದಳು. ಒಮ್ಮೆ ಹೊರಟ ಸುಳ್ಳನ್ನು ವಾಪಸು ಕರೆಯುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. ಮಗನನ್ನೇ ಕರೆತನ್ನಿ, ನಾನೇ ಹೇಳುತ್ತೇನೆ ಎಂದು ಪಟ್ಟು ಹಿಡಿದೆ.

ಬುಧವಾರ ಮಧ್ಯಾಹ್ನ ಮೂವರೂ ಬಂದರು. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ ತಂದೆ ಕೋಪರಿಯಿಂದ ಲೋಕಲ್ ಹಿಡಿದು ಬಂದಿದ್ದರು, ಅಂಗಿಯ ತುಂಬ ಸಾಂಬಾರಿನ ಪರಿಮಳ. ಹುಡುಗಿ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಒತ್ತಿದಳು. ಆ ಕಡೆಯಿಂದ ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರದ ಟಕಟಕ, ಆಮೇಲೆ ಐವತ್ತು ದಾಟಿದಾಕೆಯ ಒರಟು ದನಿ.

"ಹೇಳವಾ. ಇಷ್ಟೊತ್ತಿನ್ಯಾಗ ಫೋನ್ ಮಾಡೀ? ಕಾಲೇಜ್ ಇಲ್ಲೇನು? ಲಗೂನ ಹೇಳು, ಗಿರಾಕಿ ಜಂಪರ್ ಒಯ್ಯಾಕ ನಿಂತಾರ."

ತಂದೆ ತಿರುಗಿ ತಾಯಿಯ ಮುಖ ನೋಡಿದರು. ಹುಬ್ಬಳ್ಳಿಯ ಹುಡುಗ ಅಲ್ಲಿಗೆ ಮುಗಿದ.

ಹುಡುಗಿ ಎಲ್ಲ ಹೇಳಿದಳು. ಕೈ, ಕಾಯಿ, ಮುಚ್ಚಿಟ್ಟದ್ದು, ಆರು ವಾರ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಕೈ ನೋವು ಇಟಗೊಂಡು ಇಷ್ಟು ದಿವಸ ನಮ್ಮ ಮುಂದ ನಿಂತಿದ್ದೀ? ಬುದ್ಧಿ ಐತೋ ಇಲ್ಲೋ ನಿನಗ? ನಾ ಅಲ್ಲಿ ಸುಳ್ಳ ಔಷಧ ಹಾಕ್ಕೋತ ಕೂತೀನಿ, ಖರೇ ಕೈ ನೋಯ್ತೈತಿ ಅಂತ ಒಂದು ಮಾತು ಹೇಳಾಕ ಬಾಯಿ ಇದ್ದಿಲ್ಲ?"

"ಅಕ್ಕಾ, ನೀವು ಬ್ಯಾರೇವ್ರನ್ನ..."

"ಯಾರ ಬ್ಯಾರೇವ್ರು? ಮುಚ್ಚು ಬಾಯಿ. ಕೈ ನೆಟ್ಟಗಾಗೂ ತನಕ ಆ ಕಡೆ ತಲಿ ಹಾಕಬ್ಯಾಡ. ಬಂದ್ರ ನಾನ ಹೊರಗ ಹಾಕ್ತೀನಿ. ನಿನ್ನ ಜಾಗದಾಗ ಯಾರನ್ನೂ ತಗೊಳ್ಳೂದಿಲ್ಲ. ಆರು ವಾರ ದಿನಾ ಸೋಲ್ತೀವಿ. ಸೋತ್ರ ಏನಾತು, ಆಟ ಅಲ್ಲೇನದು?"

ಹುಡುಗಿಯ ಕಣ್ಣಿಂದ ಧಾರೆ ಇಳಿಯುತ್ತಿತ್ತು. ಕೊನೆಗೆ, "ಹೂಂ ರೀ," ಎಂದಳು. ಅಷ್ಟೇ. ವಾದವಿಲ್ಲ, ಮುನಿಸಿಲ್ಲ, ಬಾಗಿಲು ಬಡಿಯಲಿಲ್ಲ. ತಾನೇ ಕೈಚಾಚಿ ಸ್ಪ್ಲಿಂಟಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿಮಾಡಿಕೊಂಡಳು.

ಖಾರಘರಕ್ಕೆ ಫೋನ್ ಮಾಡಿ ತಮ್ಮನಿಗೆ ಬೇರೆ ಕಂಪ್ಯೂಟರ್ ನೋಡಿಕೊಳ್ಳಲು ಹೇಳುತ್ತೇನೆ ಎಂದು, ಯಾರೂ ಕೇಳದಿದ್ದರೂ, ತಂದೆ ಗೋಡೆಗೆ ಹೇಳಿದರು.

ತಾಯಿ ಮಾತ್ರ ಬಾಯಿ ತೆರೆದುಕೊಂಡು ಫೋನನ್ನೇ ನೋಡುತ್ತಿದ್ದರು. ಎರಡು ವರ್ಷ ತಾನು ಗಂಟಲು ಹರಿದುಕೊಂಡದ್ದನ್ನು ಮುನ್ನೂರು ಮೈಲಿ ಆಚೆ ರವಿಕೆ ಹೊಲಿಯುವ ಹೆಂಗಸು ಅರ್ಧ ನಿಮಿಷದಲ್ಲಿ ಮಾಡಿಸಿದ್ದಳು. ತಾಯಿಗೆ ಅವಮಾನವಾಗಿದೆಯೇನೋ ಎಂದು ನನಗೆ ಹೆದರಿಕೆ. ಅವರು ಕುರ್ಚಿ ಮುಂದಕ್ಕೆಳೆದುಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದರು.

"ನಮಸ್ಕಾರ ಅಕ್ಕಾ, ನಾನು ಇವಳ ಅಮ್ಮ. ಗಿರಾಕಿಯನ್ನು ಒಂದೈದು ನಿಮಿಷ ನಿಲ್ಲಿಸ್ತೀರಾ? ಹಾಗೇ ಕೆಮಿಸ್ಟ್ರಿ ಓದು ಅಂತಲೂ ಇವಳಿಗೆ ಸ್ವಲ್ಪ ಹೇಳಿ."